ಪಿಎಚ್ ಮೀಟರ್, ತೇವಾಂಶ ಮೀಟರ್ ಪೆಟ್ಟಿಗೆಗೆ ಫೋಮ್ ಕತ್ತರಿಸುವುದು ಹೇಗೆ?

ಪಿಎಚ್ ಮೀಟರ್, ಇಸಿ ಮೀಟರ್, ರಿಫ್ರಾಕ್ಟೋಮೀಟರ್, ಧಾನ್ಯದ ತೇವಾಂಶ ಮೀಟರ್ ಇವೆಲ್ಲ ಈಗ ಪ್ರಯೋಗಾಲಯದ ಸಾಮಾನಾಗಿ ಉಳಿದಿಲ್ಲ. ದ್ರಾಕ್ಷಿ ಬೆಳೆಯುವವರು ಬ್ರಿಕ್ಸ್ ನೋಡ್ತಾರೆ, ಡ್ರಿಪ್‌ನಲ್ಲಿ ಗೊಬ್ಬರ ಬಿಡುವವರು ಇಸಿ ನೋಡ್ತಾರೆ, ಮೆಕ್ಕೆಜೋಳದವರು ತೇವಾಂಶ ನೋಡಿಯೇ ಚೀಲ ತುಂಬಿಸ್ತಾರೆ. ಆದರೆ ಈ ಮೀಟರ್‌ಗಳು ಹೊಲಕ್ಕೆ ಹೋಗುವುದು ಬಹುತೇಕ ಬೈಕಿನ ಬ್ಯಾಗ್‌ನಲ್ಲಿ, ಸ್ಪ್ಯಾನರ್ ಜೊತೆ ಕುಲುಕಾಡುತ್ತಾ.

ಒಡೆದ ಮೀಟರ್ ಕಣ್ಣಿಗೆ ಕಾಣುತ್ತೆ. ಪೆಟ್ಟು ತಿಂದು ತಪ್ಪು ಅಂಕಿ ತೋರಿಸುವ ಮೀಟರ್ ಕಾಣುವುದಿಲ್ಲ. ಅದನ್ನು ನಂಬಿ ಬೇಡದ ಮಣ್ಣಿಗೆ ಸುಣ್ಣ ಹಾಕಿದರೆ ಅಥವಾ ಹಸಿ ಕಾಳನ್ನು ಒಣಗಿದೆ ಅಂತ ಗೋದಾಮಿಗೆ ಹಾಕಿದರೆ ಆಗುವ ನಷ್ಟ ಮೀಟರಿನ ಬೆಲೆಗಿಂತ ದೊಡ್ಡದು. ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆ ಒಂದೇ ಸಾಲದು. ಒಳಗೆ ಸಾಮಾನು ಅಲ್ಲಾಡುತ್ತಿದ್ದರೆ ಪೆಟ್ಟಿಗೆಯ ಗೋಡೆಯೇ ಪೆಟ್ಟು ಕೊಡುತ್ತದೆ. ಅದಕ್ಕೇ ಅಳತೆಗೆ ತಕ್ಕ ಫೋಮ್ ಬೇಕು.

ಯಾವ ಫೋಮ್ ಒಳ್ಳೆಯದು?

ಟಿವಿ, ಫ್ರಿಜ್ ಪ್ಯಾಕಿಂಗ್‌ನಲ್ಲಿ ಬರುವ ಬಿಳಿ ಇಪಿಇ ಫೋಮ್ ಹೊಲದ ಕೆಲಸಕ್ಕೆ ಸರಿ. ಇದು ನೀರು ಹೀರುವುದಿಲ್ಲ, ಒತ್ತಿದರೆ ಮತ್ತೆ ಮೇಲೇಳುತ್ತದೆ. ಹಾಸಿಗೆಯ ಸ್ಪಂಜ್ ಮೆತ್ತಗಿದ್ದರೂ ನೀರು ಹಿಡಿದಿಟ್ಟುಕೊಳ್ಳುತ್ತದೆ, ಕೆಲವು ವರ್ಷಕ್ಕೆ ಪುಡಿಯಾಗಿ ಅಂಟಂಟಾಗುತ್ತದೆ. ಅದನ್ನು ಮುಚ್ಚಳದ ಒಳಗೆ ಮಾತ್ರ ಬಳಸಿ, ಹಳತಾದಾಗ ಬದಲಿಸಿ. ಥರ್ಮಾಕೋಲ್ ಬೇಡ, ಒಂದೆರಡು ಪೆಟ್ಟಿಗೆ ಮುರಿದು ಕಾಳು ಉದುರಿಸುತ್ತದೆ.

ಮೊದಲು ಜೋಡಣೆ, ಆಮೇಲೆ ಚಾಕು

ಪೆಟ್ಟಿಗೆಯ ಒಳ ಅಳತೆಯ ಕಾಗದದ ಮೇಲೆ ಎಲ್ಲ ಸಾಮಾನು ಇಟ್ಟು ನೋಡಿ. ಒಂದೇ ಸಲಕ್ಕೆ ಸರಿಹೋಗುವುದಿಲ್ಲ, ಎರಡು ಮೂರು ರೀತಿ ಇಟ್ಟು ನೋಡಿ. ಈ ಅಂಶಗಳು ನೆನಪಿರಲಿ:

- ಎರಡು ಸಾಮಾನಿನ ನಡುವೆ ಕನಿಷ್ಠ 20 ಮಿ.ಮೀ. ಫೋಮ್ ಗೋಡೆ ಬಿಡಿ. ಪೆಟ್ಟಿಗೆಯ ಅಂಚಿನ ಕಡೆ 25ರಿಂದ 30 ಮಿ.ಮೀ. ಇರಲಿ.
- ಗಾಜಿನ ಭಾಗ ಅಂಚಿನಿಂದ ದೂರ ಇರಲಿ. ಭಾರದ ಸಾಮಾನು ಹಿಡಿಯ ಕೆಳಗೆ ಮಧ್ಯದಲ್ಲಿದ್ದರೆ ಎತ್ತುವಾಗ ಪೆಟ್ಟಿಗೆ ವಾಲುವುದಿಲ್ಲ.
- ಬೆರಳು ಹೋಗುವಷ್ಟು ಜಾಗ ಪ್ರತಿ ಗುಂಡಿಯ ಪಕ್ಕ ಬಿಡಿ. ಇಲ್ಲದಿದ್ದರೆ ಮೀಟರನ್ನು ತಲೆ ಹಿಡಿದು ಎಳೆಯಬೇಕಾಗುತ್ತದೆ.
- ಗೊಬ್ಬರ, ಕೀಟನಾಶಕದ ಬಾಟಲಿ ಈ ಪೆಟ್ಟಿಗೆಯೊಳಗೆ ಬೇಡವೇ ಬೇಡ.

ಪದರ ಪದರವಾಗಿ ಕತ್ತರಿಸಿ

ದಪ್ಪ ಫೋಮ್‌ನಲ್ಲಿ ಅರ್ಧ ಆಳದ ಗುಂಡಿ ತೋಡುವುದು ಕಷ್ಟ, ತಳ ಸಮ ಬರುವುದಿಲ್ಲ. ಅದರ ಬದಲು 20 ಅಥವಾ 25 ಮಿ.ಮೀ. ಹಾಳೆಗಳನ್ನು ತೆಗೆದುಕೊಳ್ಳಿ. ತಳದ ಹಾಳೆ ಪೂರ್ತಿ ಇರಲಿ. ಮೇಲಿನ ಹಾಳೆಗಳಲ್ಲಿ ಆರ್‌ಪಾರ್ ರಂಧ್ರ ಕತ್ತರಿಸಿ ಒಂದರ ಮೇಲೊಂದು ಇಟ್ಟರೆ ಬೇಕಾದ ಆಳ ತಾನಾಗಿ ಸಿಗುತ್ತದೆ.

1. ಹೆಚ್ಚಿನ ಪೆಟ್ಟಿಗೆಗಳು ತಳದ ಕಡೆ ಸ್ವಲ್ಪ ಕಿರಿದಾಗಿರುತ್ತವೆ. ಆದ್ದರಿಂದ ಪ್ರತಿ ಪದರಕ್ಕೂ ಬೇರೆ ಅಳತೆ ತೆಗೆಯಿರಿ. ಹಾಳೆ 2 ಮಿ.ಮೀ. ದೊಡ್ಡದಿದ್ದರೆ ಬಿಗಿಯಾಗಿ ಕೂರುತ್ತದೆ.
2. ಮೀಟರನ್ನು ರಟ್ಟಿನ ಮೇಲಿಟ್ಟು ಸುತ್ತ ಗೆರೆ ಎಳೆದು ಅಚ್ಚು ಮಾಡಿಕೊಳ್ಳಿ. ಇಪಿಇ ಫೋಮ್ ಆದರೆ ಗೆರೆಯಿಂದ 1 ಮಿ.ಮೀ. ಒಳಗೆ ಕತ್ತರಿಸಿ, ಮೆತ್ತನೆ ಸ್ಪಂಜ್ ಆದರೆ 2ರಿಂದ 3 ಮಿ.ಮೀ. ಒಳಗೆ. ಫೋಮ್ ಹಿಡಿದುಕೊಳ್ಳಬೇಕು, ಹಿಸುಕಬಾರದು.
3. ಬ್ಲೇಡ್ ಮುರಿದು ಹೊಸ ತುದಿ ತೆಗೆಯುವ ಕಟರ್ ಚಾಕು ಸಾಕು. ಬ್ಲೇಡ್ ನೆಟ್ಟಗೆ ಹಿಡಿದು, ಒತ್ತದೆ, ಗರಗಸದ ಹಾಗೆ ಮೂರು ನಾಲ್ಕು ಸಲ ಎಳೆಯಿರಿ. ಒತ್ತಿದರೆ ಫೋಮ್ ಕುಸಿದು ರಂಧ್ರ ಸೊಟ್ಟ ಆಗುತ್ತೆ. ಕೆಳಗೆ ಹಲಗೆ ಇಟ್ಟುಕೊಳ್ಳಿ, ಎಡಗೈ ಬ್ಲೇಡಿನ ದಾರಿಯಲ್ಲಿ ಬೇಡ.
4. ಬಾಟಲಿಯ ದುಂಡು ರಂಧ್ರಕ್ಕೆ, ಅಂಚು ಮಸೆದ ತೆಳು ಸ್ಟೀಲ್ ಪೈಪ್ ತಿರುಗಿಸಿದರೆ ಚೊಕ್ಕವಾಗಿ ಬರುತ್ತದೆ.

ಕಾಯಿಸಿದ ಚಾಕುವಿನಿಂದಲೂ ಇಪಿಇ ಕತ್ತರಿಸಬಹುದು, ಆದರೆ ಹೊಗೆ ಬರುತ್ತದೆ. ಮನೆಯೊಳಗೆ ಮಾಡಬೇಡಿ.

ಅಂಟು ಹಾಕುವಾಗ

ಪದರಗಳನ್ನು ಗ್ಲೂ ಗನ್‌ನಿಂದ ನಾಲ್ಕೈದು ಕಡೆ ಚುಕ್ಕೆ ಇಟ್ಟು ಅಂಟಿಸಿ. ಅಂಟು ತೀರಾ ಬಿಸಿ ಇದ್ದರೆ ಫೋಮ್ ಕರಗುತ್ತದೆ, ಮೊದಲು ತುಂಡೊಂದರ ಮೇಲೆ ನೋಡಿ. ಮೇಲಿನ ಪದರವನ್ನು ಅಂಟಿಸದೆ ಬಿಟ್ಟರೆ ಮುಂದೆ ಹೊಸ ಮೀಟರ್ ಕೊಂಡಾಗ ಅದೊಂದನ್ನೇ ಬದಲಿಸಬಹುದು. ಅಂಟಿನ ವಾಸನೆ ಪೂರ್ತಿ ಹೋಗುವವರೆಗೆ ಪೆಟ್ಟಿಗೆ ತೆರೆದಿಡಿ.

ಪಿಎಚ್ ಮೀಟರ್‌ಗೆ ವಿಶೇಷ ಗಮನ

ಪೆನ್ ಮಾದರಿಯ ಪಿಎಚ್ ಮೀಟರಿನ ತುದಿಯಲ್ಲಿ ತೆಳು ಗಾಜಿನ ಬಲ್ಬ್ ಇರುತ್ತದೆ. ಅದು ಒಣಗಬಾರದು, ಮುಚ್ಚಳದಲ್ಲಿ ಮೀಟರ್ ಜೊತೆ ಹೇಳಿದ ಶೇಖರಣಾ ದ್ರಾವಣ ಇರಬೇಕು, ಡಿಸ್ಟಿಲ್ಡ್ ವಾಟರ್ ಅಲ್ಲ. ಇಲ್ಲೊಂದು ಸೂಕ್ಷ್ಮ: ಮುಚ್ಚಳದ ಸುತ್ತ ಫೋಮ್ ಬಿಗಿಯಾಗಿದ್ದರೆ ಮೀಟರ್ ಎಳೆದಾಗ ಮುಚ್ಚಳ ಒಳಗೇ ಉಳಿದು ದ್ರಾವಣ ಚೆಲ್ಲುತ್ತದೆ. ಹಾಗಾಗಿ ಬಿಗಿ ಮೀಟರಿನ ಮೈಗೆ ಇರಲಿ, ಮುಚ್ಚಳದ ಭಾಗ ಸಡಿಲ ಇರಲಿ.

ಒದ್ದೆ ಸಾಮಾನು ಒಳಗಿಡಬೇಡಿ

ರಬ್ಬರ್ ಅಂಚಿನ ಪೆಟ್ಟಿಗೆ ಹೊರಗಿನ ನೀರು ತಡೆಯುವ ಹಾಗೆಯೇ ಒಳಗಿನ ತೇವವನ್ನೂ ಬಿಡುವುದಿಲ್ಲ. ರಿಫ್ರಾಕ್ಟೋಮೀಟರ್ ಮೇಲೆ ರಸದ ಪಸೆ ಉಳಿದಿದ್ದರೆ ಬೂಷ್ಟು ಬರಬಹುದು. ಒರೆಸಿ, ನೆರಳಲ್ಲಿ ಆರಿಸಿ ಇಡಿ. ಒಂದು ಮೂಲೆಯಲ್ಲಿ ಗುಂಡಿ ಮಾಡಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ. ತಿಂಗಳುಗಟ್ಟಲೆ ಬಳಸದಿದ್ದರೆ ಬ್ಯಾಟರಿ ತೆಗೆದಿಡಿ. ಬಿಸಿಲಲ್ಲಿ ನಿಂತ ವಾಹನದೊಳಗೆ ಪೆಟ್ಟಿಗೆ ಬಿಡಬೇಡಿ.

ಕೊನೆಗೆ ಪೆಟ್ಟಿಗೆ ಮುಚ್ಚಿ ಕಿವಿಯ ಹತ್ತಿರ ಅಲ್ಲಾಡಿಸಿ. ಟಕ್ ಅಂದರೆ ಎಲ್ಲೋ ಸಡಿಲ ಇದೆ, ಅಲ್ಲಿಗೆ ತೆಳು ಫೋಮ್ ಪಟ್ಟಿ ಅಂಟಿಸಿ. ಮುಚ್ಚಳದ ಸ್ಪಂಜ್ ಸಾಮಾನನ್ನು ಮುಟ್ಟಬೇಕು, ಆದರೆ ಲಾಕ್ ಹಾಕಲು ಬಲ ಬೇಕಾಗಬಾರದು. ಎಷ್ಟೇ ಚೆನ್ನಾಗಿ ಇಟ್ಟರೂ ಪಿಎಚ್ ಮೀಟರನ್ನು 4 ಮತ್ತು 7ರ ಬಫರ್‌ನಲ್ಲಿ, ರಿಫ್ರಾಕ್ಟೋಮೀಟರನ್ನು ಡಿಸ್ಟಿಲ್ಡ್ ವಾಟರ್‌ನಲ್ಲಿ ಸೊನ್ನೆಗೆ ಆಗಾಗ ಪರೀಕ್ಷಿಸಿ. ಪೆಟ್ಟಿಗೆ ಕೆಳಗೆ ಬಿದ್ದ ದಿನವಂತೂ ತಪ್ಪದೆ ನೋಡಿ, ಆಮೇಲೆ ಅಳತೆ ನಂಬಿ.