ಲೀಶ್ಮಾನಿನ್ ಚರ್ಮ ಪರೀಕ್ಷೆ: ಕಾಳಾ ಅಜಾರ್ ನಂತರದ ಚರ್ಮರೋಗದಲ್ಲಿ ಫಲಿತಾಂಶದ ಅರ್ಥ

ಕಾಳಾ ಅಜಾರ್ ಜ್ವರದಿಂದ ಗುಣಮುಖರಾದ ಕೆಲವರಲ್ಲಿ, ಆರು ತಿಂಗಳು ಅಥವಾ ಹಲವು ವರ್ಷಗಳ ತರುವಾಯ, ಮುಖ, ತೋಳು ಹಾಗೂ ಮೈಮೇಲೆ ಬಣ್ಣಗೆಟ್ಟ ಮಚ್ಚೆಗಳು ಅಥವಾ ಸಣ್ಣ ಗಂಟುಗಳು ಕಾಣಿಸಿಕೊಳ್ಳುತ್ತವೆ. ಲೀಶ್ಮೇನಿಯಾ ಡೋನೋವಾನಿ ಎಂಬ ಪರಾವಲಂಬಿಯು ಚರ್ಮದಲ್ಲಿ ಉಳಿದುಕೊಳ್ಳುವುದರಿಂದ ಇದು ಉಂಟಾಗುತ್ತದೆ. ಇದನ್ನು 1922ರಲ್ಲಿ ಕಲ್ಕತ್ತೆಯಲ್ಲಿ ಡಾ. ಉಪೇಂದ್ರನಾಥ ಬ್ರಹ್ಮಚಾರಿಯವರು ಮೊದಲು ವಿವರಿಸಿದರು. ಸಂಕ್ಷೇಪವಾಗಿ ಇದನ್ನು ಪಿಕೆಡಿಎಲ್ ಎಂದು ಕರೆಯಲಾಗುತ್ತದೆ. ಬಿಹಾರ, ಜಾರ್ಖಂಡ್, ಪಶ್ಚಿಮ ಬಂಗಾಳ ಮತ್ತು ಉತ್ತರ ಪ್ರದೇಶದ ಪೂರ್ವ ಭಾಗಗಳು ಇದರ ನೆಲೆ. ಕರ್ನಾಟಕವು ಈ ರೋಗದ ಪ್ರಚಲಿತ ರಾಜ್ಯಗಳಲ್ಲಿ ಸೇರಿಲ್ಲವಾದರೂ, ಆ ಪ್ರದೇಶಗಳಿಂದ ದುಡಿಮೆಗಾಗಿ ಇಲ್ಲಿಗೆ ಬಂದವರಲ್ಲಿ ಇಂತಹ ಮಚ್ಚೆಗಳು ಕಂಡುಬಂದಲ್ಲಿ ವೈದ್ಯರು ಈ ರೋಗವನ್ನೂ ಗಮನದಲ್ಲಿಡುವುದು ಅವಶ್ಯ.

ಚರ್ಮ ಪರೀಕ್ಷೆಯ ವರದಿ ಕೈಗೆ ಬಂದಾಗ "ಧನಾತ್ಮಕ ಎಂದರೆ ರೋಗವಿದೆ, ಋಣಾತ್ಮಕ ಎಂದರೆ ರೋಗವಿಲ್ಲ" ಎಂದು ಭಾವಿಸುವುದು ಸಹಜ. ಲೀಶ್ಮಾನಿನ್ ಪರೀಕ್ಷೆಯ ವಿಷಯದಲ್ಲಿ ಈ ತಿಳಿವಳಿಕೆಯು ಸರಿಯಲ್ಲ. ಹಲವು ವೇಳೆ ಇದಕ್ಕೆ ವಿರುದ್ಧವಾದುದೇ ನಿಜ.

ಈ ಪರೀಕ್ಷೆಯನ್ನು 1926ರಲ್ಲಿ ಬ್ರೆಜಿಲ್ ದೇಶದ ಮಾಂಟೆನೆಗ್ರೋ ಅವರು ಪ್ರಕಟಿಸಿದರು. ಕೊಲ್ಲಲ್ಪಟ್ಟ ಪರಾವಲಂಬಿಗಳಿಂದ ತಯಾರಿಸಿದ ದ್ರಾವಣವನ್ನು 0.1 ಮಿಲಿಲೀಟರ್ ಪ್ರಮಾಣದಲ್ಲಿ ಮುಂದೋಳಿನ ಚರ್ಮದೊಳಗೆ ಚುಚ್ಚಲಾಗುತ್ತದೆ. 48ರಿಂದ 72 ಗಂಟೆಗಳ ನಂತರ ಆ ಜಾಗದ ಗಡುಸಾದ ಉಬ್ಬನ್ನು ಅಳೆಯಲಾಗುತ್ತದೆ. 5 ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚಿದ್ದಲ್ಲಿ ಧನಾತ್ಮಕವೆಂದು ಪರಿಗಣಿಸಲಾಗುತ್ತದೆ. ಕ್ಷಯರೋಗಕ್ಕೆ ಮಾಡುವ ಮಾಂಟೂ ಪರೀಕ್ಷೆಯನ್ನು ಬಲ್ಲವರಿಗೆ ಈ ಕ್ರಮ ಹೊಸದಲ್ಲ. ಕೆಂಪು ಬಣ್ಣವು ಕಣ್ಣಿಗೆ ಬೇಗ ಬೀಳುತ್ತದೆ, ಆದರೆ ಲೆಕ್ಕಕ್ಕೆ ಬರುವುದು ಬೆರಳಿಗೆ ತಗಲುವ ಗಡುಸುತನ ಮಾತ್ರ.

ಉಬ್ಬು ಬರುವುದೇಕೆ? ಪರಾವಲಂಬಿಯನ್ನು ಹಿಂದೆ ಎದುರಿಸಿದ ದೇಹದಲ್ಲಿ ಟಿ ಕೋಶಗಳೆಂಬ ಬಿಳಿ ರಕ್ತಕಣಗಳು ಅದರ ನೆನಪನ್ನು ಉಳಿಸಿಕೊಂಡಿರುತ್ತವೆ. ಅದೇ ವಸ್ತು ಮತ್ತೆ ಎದುರಾದಾಗ ಅವು ಚುಚ್ಚಿದ ಸ್ಥಳಕ್ಕೆ ಧಾವಿಸಿ, ಇಂಟರ್‌ಫೆರಾನ್ ಗಾಮಾ ಎಂಬ ವಸ್ತುವನ್ನು ಸ್ರವಿಸಿ, ಇತರ ಕೋಶಗಳನ್ನು ಅಲ್ಲಿಗೆ ಸೆಳೆಯುತ್ತವೆ. ಈ ಕೆಲಸಕ್ಕೆ ಎರಡು ದಿನ ಬೇಕಾಗುವುದರಿಂದಲೇ ಫಲಿತಾಂಶವನ್ನು ಅದೇ ದಿನ ಹೇಳಲಾಗುವುದಿಲ್ಲ. ಪರಾವಲಂಬಿಯು ಮ್ಯಾಕ್ರೋಫೇಜ್ ಎಂಬ ಭಕ್ಷಕ ಕೋಶಗಳ ಒಳಗೇ ಅಡಗಿ ವೃದ್ಧಿಯಾಗುತ್ತದೆ. ಆ ಕೋಶಗಳನ್ನು ಎಚ್ಚರಿಸಿ ಅದನ್ನು ಕೊಲ್ಲಿಸುವುದೂ ಇದೇ ಟಿ ಕೋಶಗಳು. ಆದ್ದರಿಂದ ಉಬ್ಬು ಸೂಚಿಸುವುದು ರೋಗವನ್ನಲ್ಲ, ರೋಗದೊಡನೆ ಹೋರಾಡುವ ಸಾಮರ್ಥ್ಯವನ್ನು.

ಕಾಳಾ ಅಜಾರ್ ತೀವ್ರವಾಗಿರುವಾಗ ಐಎಲ್-10 ಮುಂತಾದ ವಸ್ತುಗಳು ಈ ಸಾಮರ್ಥ್ಯವನ್ನು ಅದುಮಿ ಹಿಡಿದಿರುತ್ತವೆ. ಹೀಗಾಗಿ ಗುಲ್ಮದಲ್ಲಿ ಪರಾವಲಂಬಿಗಳು ತುಂಬಿರುವ ರೋಗಿಯಲ್ಲಿಯೇ ಪರೀಕ್ಷೆ ಋಣಾತ್ಮಕವಾಗಿರುತ್ತದೆ. ಗುಣಮುಖರಾದ ಕೆಲವು ತಿಂಗಳ ನಂತರ ಅನೇಕರಲ್ಲಿ ಧನಾತ್ಮಕವಾಗುತ್ತದೆ. ಪ್ರಚಲಿತ ಗ್ರಾಮಗಳಲ್ಲಿ ಎಂದೂ ಜ್ವರ ಬಾರದ ಆರೋಗ್ಯವಂತರಲ್ಲಿಯೂ ಉಬ್ಬು ಬರುವುದುಂಟು. ರಾಜಸ್ಥಾನದ ಬಿಕಾನೇರ್ ಭಾಗದಲ್ಲಿ ಕಂಡುಬರುವ, ಚರ್ಮಕ್ಕೆ ಸೀಮಿತವಾದ ಲೀಶ್ಮೇನಿಯಾ ಹುಣ್ಣಿನ ಸ್ಥಿತಿ ಬೇರೆ: ಅದರಲ್ಲಿ ರೋಗವಿರುವಾಗಲೇ ಪರೀಕ್ಷೆ ಸಾಮಾನ್ಯವಾಗಿ ಧನಾತ್ಮಕವಾಗಿರುತ್ತದೆ.

ಪಿಕೆಡಿಎಲ್ ಈ ಎರಡರ ನಡುವೆ ನಿಲ್ಲುತ್ತದೆ. ದೇಹದ ಒಳಗಿನ ಅಂಗಗಳು ರೋಗಮುಕ್ತವಾಗಿದ್ದರೂ ಚರ್ಮದಲ್ಲಿ ಹೋರಾಟ ಮುಗಿದಿರುವುದಿಲ್ಲ. ಆದ್ದರಿಂದ ಕೆಲವರಲ್ಲಿ ಉಬ್ಬು ಬರುತ್ತದೆ, ಕೆಲವರಲ್ಲಿ ಬರುವುದಿಲ್ಲ. ಈ ಪರೀಕ್ಷೆಯೊಂದನ್ನೇ ನೆಚ್ಚಿ ರೋಗವಿದೆಯೆಂದಾಗಲಿ ಇಲ್ಲವೆಂದಾಗಲಿ ನಿರ್ಧರಿಸಲಾಗದು. ಇದು ಮುಖ್ಯವಾಗಿ ಒಂದು ಪ್ರದೇಶದಲ್ಲಿ ಸೋಂಕು ಎಷ್ಟು ಹರಡಿತ್ತೆಂದು ತಿಳಿಯುವ ಸಮೀಕ್ಷೆಗಳಿಗೆ ಹಾಗೂ ಸಂಶೋಧನೆಗೆ ಉಪಯುಕ್ತವಾದುದು.

ಆರ್‌ಕೆ-39 ರಕ್ತ ಪರೀಕ್ಷೆಗೂ ಮಿತಿಯಿದೆ. ಅದು ಪ್ರತಿಕಾಯಗಳನ್ನು ಗುರುತಿಸುತ್ತದೆ. ಕಾಳಾ ಅಜಾರ್ ವಾಸಿಯಾದ ಮೇಲೂ ಪ್ರತಿಕಾಯಗಳು ದೀರ್ಘಕಾಲ ಉಳಿಯುತ್ತವೆ. ರಾಷ್ಟ್ರೀಯ ಕಾರ್ಯಕ್ರಮದಲ್ಲಿ, ಪ್ರಚಲಿತ ಪ್ರದೇಶದವರಾಗಿ ಲಕ್ಷಣಯುಕ್ತ ಮಚ್ಚೆಗಳಿದ್ದು ಆರ್‌ಕೆ-39 ಧನಾತ್ಮಕವಾದಲ್ಲಿ ಸಂಭಾವ್ಯ ಪ್ರಕರಣವೆಂದೂ, ಚರ್ಮದ ಲೇಪನ ಅಥವಾ ಬಯಾಪ್ಸಿಯಲ್ಲಿ ಪರಾವಲಂಬಿ ಕಂಡುಬಂದಲ್ಲಿ ದೃಢಪಟ್ಟ ಪ್ರಕರಣವೆಂದೂ ದಾಖಲಿಸಲಾಗುತ್ತದೆ.

ಮಚ್ಚೆಗಳನ್ನು ಕುಷ್ಠ ಅಥವಾ ತೊನ್ನು ಎಂದು ತಪ್ಪಾಗಿ ತಿಳಿಯುವ ಸಂಭವವಿದೆ. ಕುಷ್ಠದ ಮಚ್ಚೆಯಲ್ಲಿ ಸ್ಪರ್ಶಜ್ಞಾನ ಕುಂದಿರುತ್ತದೆ, ಪಿಕೆಡಿಎಲ್ ಮಚ್ಚೆಯಲ್ಲಿ ಅದು ಹಾಗೆಯೇ ಇರುತ್ತದೆ. ನೋವಾಗಲಿ ಜ್ವರವಾಗಲಿ ಇಲ್ಲದ ಕಾರಣ ರೋಗಿಗಳು ವರ್ಷಗಟ್ಟಲೆ ಸುಮ್ಮನಿರುತ್ತಾರೆ. ಆ ಅವಧಿಯಲ್ಲಿ ಅವರನ್ನು ಕಚ್ಚಿದ ಮರಳುನೊಣವು ಸೋಂಕನ್ನು ಇತರರಿಗೆ ಕೊಂಡೊಯ್ಯಬಲ್ಲದು, ಮತ್ತು ಅವರಿಗೆ ತಗಲುವುದು ಚರ್ಮರೋಗವಲ್ಲ, ಪ್ರಾಣಾಂತಿಕವಾದ ಕಾಳಾ ಅಜಾರ್. ಮುಟ್ಟುವುದರಿಂದ ಅಥವಾ ಜೊತೆಯಲ್ಲಿ ಉಣ್ಣುವುದರಿಂದ ಈ ರೋಗ ಹರಡುವುದಿಲ್ಲ.

ಚಿಕಿತ್ಸೆಗೆ ಮಿಲ್ಟೆಫೋಸಿನ್ ಗುಳಿಗೆಗಳನ್ನು ಸಾಮಾನ್ಯವಾಗಿ 12 ವಾರ ನೀಡಲಾಗುತ್ತದೆ. ಗರ್ಭಿಣಿಯರು ಇದನ್ನು ಸೇವಿಸತಕ್ಕದ್ದಲ್ಲ. ಕಣ್ಣು ಕೆಂಪಾದಲ್ಲಿ, ನೋವು ಕಂಡಲ್ಲಿ ಅಥವಾ ದೃಷ್ಟಿ ಮಸುಕಾದಲ್ಲಿ ಕೂಡಲೇ ವೈದ್ಯರಿಗೆ ತಿಳಿಸತಕ್ಕದ್ದು. ಪರೀಕ್ಷೆಗೆ ಬರುವವರು ಹಿಂದಿನ ಕಾಳಾ ಅಜಾರ್ ಚಿಕಿತ್ಸೆಯ ಚೀಟಿಗಳಿದ್ದಲ್ಲಿ ಜೊತೆಗೆ ತರುವುದು. ಚೀಟಿಗಳು ಕಳೆದುಹೋಗಿದ್ದಲ್ಲಿ, ಜ್ವರ ಬಂದ ವರ್ಷ ಮತ್ತು ಆಗ ವಾಸವಿದ್ದ ಜಿಲ್ಲೆಯನ್ನು ತಿಳಿಸಿದರೂ ವೈದ್ಯರಿಗೆ ಅನುಕೂಲವಾಗುತ್ತದೆ.