ವಿಮಾನ ನಮ್ಮದು, ಎಂಜಿನ್ ಯಾರದು?

ಬೆಂಗಳೂರಿನ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯಕ್ಕೆ ಪ್ರವಾಸ ಹೋದ ಮಕ್ಕಳು ಅಲ್ಲಿ ನಿಂತಿರುವ ‘ಮಾರುತ್’ ಯುದ್ಧವಿಮಾನವನ್ನು ನೋಡಿರಬಹುದು. ದೇಶದ ರಕ್ಷಣೆಗೆ ಇಪ್ಪತ್ತು ವರ್ಷ ಮುಂಚಿತವಾಗಿ ಏಕೆ ಯೋಚಿಸಬೇಕು ಎಂಬುದಕ್ಕೆ ಅದೊಂದು ಪಾಠ.

ಜರ್ಮನಿಯ ಕುರ್ಟ್ ಟ್ಯಾಂಕ್ ನೇತೃತ್ವದಲ್ಲಿ ಎಚ್.ಎ.ಎಲ್. ರೂಪಿಸಿದ ಮಾರುತ್ ಮೊದಲು ಹಾರಿದ್ದು 1961ರ ಜೂನ್ 17ರಂದು. ಶಬ್ದಕ್ಕಿಂತ ವೇಗವಾಗಿ ಹಾರಬೇಕೆಂಬುದು ಗುರಿ. ಅದಕ್ಕೆ ತಕ್ಕ ಎಂಜಿನ್ ಅಭಿವೃದ್ಧಿಪಡಿಸಲು ಬ್ರಿಟನ್ನಿನ ಕಂಪೆನಿ ಹಣ ಕೇಳಿತು. ಭಾರತ ಸರ್ಕಾರ ಒಪ್ಪಲಿಲ್ಲ. ಬದಲಿ ಎಂಜಿನ್‌ಗಾಗಿ ಈಜಿಪ್ಟ್‌ವರೆಗೂ ಹುಡುಕಿದರೂ ಫಲ ಸಿಗಲಿಲ್ಲ. ಕಡಿಮೆ ಶಕ್ತಿಯ ಎಂಜಿನ್ನಿನಲ್ಲೇ ಮಾರುತ್ 1971ರ ಯುದ್ಧದಲ್ಲಿ ಚೆನ್ನಾಗಿ ಕಾದಿತು. ಆದರೆ ಅಂದುಕೊಂಡ ವೇಗ ಕೈಗೂಡಲೇ ಇಲ್ಲ.

ಇಂಥಲ್ಲಿ ಯೋಜನೆ ಮಾಡುವವರ ಮುಂದೆ ಮೂರು ದಾರಿಗಳಿರುತ್ತವೆ. ಸಿದ್ಧವಾದದ್ದನ್ನು ಕೊಂಡರೆ ಬೇಗ ಸಿಗುತ್ತದೆ. ಆದರೆ ಬಿಡಿಭಾಗಕ್ಕೂ ಮಾರಿದವರ ಮರ್ಜಿ ಕಾಯಬೇಕು. ಪರವಾನಗಿ ಪಡೆದು ಇಲ್ಲೇ ತಯಾರಿಸಿದರೆ ಕೈಗೆ ಕುಶಲತೆ ಬರುತ್ತದೆ. ವಿನ್ಯಾಸದ ಗುಟ್ಟು ಬರುವುದಿಲ್ಲ. ಮಿಗ್-21 ವಿಮಾನಗಳನ್ನು ನಾವು ತಯಾರಿಸಿದ್ದು ಹೀಗೆಯೇ. ಸ್ವತಃ ರೂಪಿಸಲು ಹೊರಟರೆ ದಶಕಗಳೇ ಬೇಕು, ಸೋಲೂ ಎದುರಾಗಬಹುದು.

ಮೂರನೆಯ ದಾರಿ ಎಷ್ಟು ಕಠಿಣ? ಜೆಟ್ ಎಂಜಿನ್ನಿನ ಒಳಗೆ ಟರ್ಬೈನ್ ಅಲಗುಗಳಿಗೆ ಬಡಿಯುವ ಅನಿಲ, ಆ ಅಲಗಿನ ಲೋಹ ಕರಗುವ ಉಷ್ಣತೆಗಿಂತಲೂ ಬಿಸಿಯಾಗಿರುತ್ತದೆ. ಅಲಗು ಕರಗದಿರಲು ಅದನ್ನು ಒಂದೇ ಹರಳಾಗಿ ಎರಕ ಹೊಯ್ದು, ಸೂಕ್ಷ್ಮ ರಂಧ್ರಗಳಲ್ಲಿ ಗಾಳಿ ಹಾಯಿಸುತ್ತಾರೆ. ಈ ವಿದ್ಯೆಯನ್ನು ಯಾರೂ ಸುಲಭವಾಗಿ ಹೇಳಿಕೊಡುವುದಿಲ್ಲ. ಬೆಂಗಳೂರಿನಲ್ಲಿ 1989ರಲ್ಲಿ ಆರಂಭವಾದ ‘ಕಾವೇರಿ’ ಎಂಜಿನ್ ಯೋಜನೆಯನ್ನು 2008ರಲ್ಲಿ ‘ತೇಜಸ್’ ವಿಮಾನದಿಂದ ಬೇರ್ಪಡಿಸಬೇಕಾಯಿತು. 2001ರಲ್ಲಿ ಮೊದಲು ಹಾರಿದ ತೇಜಸ್‌ನಲ್ಲಿದ್ದದ್ದು ಅಮೆರಿಕದ ಎಂಜಿನ್. ಅದರ ಸುಧಾರಿತ ಮಾದರಿಗಾಗಿ 2021ರಲ್ಲಿ ಬೇಡಿಕೆಯಿಟ್ಟ 99 ಎಂಜಿನ್‌ಗಳಲ್ಲಿ ಮೊದಲನೆಯದು ಪೂರೈಕೆಯಾದದ್ದು 2025ರ ಮಾರ್ಚ್‌ನಲ್ಲಿ.

ಹಾಗೆಂದು ಸ್ವದೇಶಿ ಎಂಜಿನ್ ಬರುವವರೆಗೆ ವಾಯುಪಡೆ ಕಾದು ಕೂರಲಾಗದು. ಇಂದಿನ ಅಗತ್ಯಕ್ಕೆ ಕೊಳ್ಳಲೇಬೇಕು. ನಾಳೆಯ ಸಂಶೋಧನೆಗೆ ಹಣವನ್ನೂ ಎತ್ತಿಡಲೇಬೇಕು. ಬೀಜದ ಭತ್ತವನ್ನು ಕುಟ್ಟಿ ಉಂಡ ರೈತನಿಗೆ ಮುಂದಿನ ಬೆಳೆಯೆಲ್ಲಿ?

ಇಂದು ಎಂಟನೆಯ ತರಗತಿಯಲ್ಲಿರುವ ಮಗು ಇಪ್ಪತ್ತು ವರ್ಷಗಳ ನಂತರ ಆ ಎಂಜಿನ್ನಿನ ಮುಂದೆ ನಿಂತಿರಬಹುದು. ಪಾಲಕರೇ, ನಿಮ್ಮ ಮಗಳು ಲೋಹಶಾಸ್ತ್ರ ಓದುತ್ತೇನೆಂದರೆ ‘ಅದರಿಂದೇನು ಸಿಗುತ್ತದೆ?’ ಎಂದು ತಡೆಯಬೇಡಿ.