ದೊಡ್ಡ ಕಂಪನಿ ಆಫರ್: ಸೈನ್ ಮಾಡೋದಾ?

ಮಾನ್ಯತಾ ಟೆಕ್ ಪಾರ್ಕ್‌ನಲ್ಲಿ ಆಫೀಸು.
ದೊಡ್ಡ ಕಂಪನಿ. ಆಫರ್ ಬಂದಿದೆ.
ಸೇರೋದಾ, ಬೇಡ್ವಾ?

ಸಂಬಳ ತಿಂಗಳು ತಿಂಗಳು ಸರಿಯಾಗಿ ಬರುತ್ತೆ.
ಎಷ್ಟೋ ಕಡೆ ಅಪ್ಪ-ಅಮ್ಮನಿಗೂ ಆಸ್ಪತ್ರೆ ವಿಮೆ ಸಿಗುತ್ತೆ.
ಮೊದಲೆರಡು ಮಕ್ಕಳಿಗೆ 26 ವಾರ ಹೆರಿಗೆ ರಜೆ.
ಹತ್ತು ಜನರಿರೋ ಕಂಪನಿಗೂ ಇದೇ ಕಾನೂನು.
ಆದ್ರೆ ದೊಡ್ಡ ಕಂಪನಿಲಿ ರಜೆ ಕೇಳೋಕೆ ಅಷ್ಟು ಹೆದರಬೇಕಿಲ್ಲ.

ಈಗ ಕಷ್ಟದ ಮಾತು.
ದೊಡ್ಡ ಕಂಪನಿ ಅಂದ್ರೆ ಜಾತ್ರೆ ತೇರು.
ನೂರಾರು ಜನ ಹಗ್ಗ ಹಿಡಿದಿರ್ತಾರೆ.
ಒಂದಿನ ನೀವು ಕೈ ಬಿಟ್ರೂ ತೇರು ನಿಲ್ಲಲ್ಲ.
ಅದು ನೆಮ್ಮದಿ.
ಆದ್ರೆ ನೀವೆಷ್ಟು ಜೋರಾಗಿ ಎಳೆದ್ರಿ?
ಯಾರ ಕಣ್ಣಿಗೂ ಬೀಳಲ್ಲ.
ಸ್ವಲ್ಪ ತಿರುಗಿಸ್ಬೇಕು ಅಂದ್ರೂ
ಹತ್ತಾರು ಜನ ಒಪ್ಪಬೇಕು.

ನನ್ನ ಕೇಳಿದ್ರೆ,
ಮೊದಲ ಕೆಲಸಕ್ಕೆ ದೊಡ್ಡ ಕಂಪನಿನೇ ವಾಸಿ.
ಕಲಿಸೋ ಸೀನಿಯರ್‌ಗಳು ಸಿಗ್ತಾರೆ.

ಆದ್ರೆ ಆಫರ್ ಲೆಟರ್ ಪೂರ್ತಿ ಓದಿ.
ನೋಟಿಸ್ ಪೀರಿಯಡ್ ಎಷ್ಟು?
90 ದಿನ ಇದ್ರೆ, ಮುಂದಿನ ಕಂಪನಿ ಮೂರು ತಿಂಗಳು ನಿಮಗಾಗಿ ಕಾಯ್ಬೇಕು.
ಎಷ್ಟೋ ಕಂಪನಿಗಳು ಕಾಯಲ್ಲ.

ಸಿಟಿಸಿ, ಅಂದ್ರೆ ಕಂಪನಿ ನಿಮ್ಮ ಮೇಲೆ ಮಾಡೋ ಒಟ್ಟು ಖರ್ಚು, ನೋಡಿ ಖುಷಿ ಪಡ್ಬೇಡಿ.
ಕಂಪನಿ ಕಟ್ಟೋ ಪಿಎಫ್, ಗ್ರಾಚ್ಯುಟಿ
ಸಾಮಾನ್ಯವಾಗಿ ಅದರಲ್ಲೇ ಸೇರಿರುತ್ತೆ.
ಕೈಗೆ ಬರೋದೆಷ್ಟು?
ಎಚ್‌ಆರ್‌ಗೆ ಇಮೇಲ್ ಹಾಕಿ ಕೇಳಿ.
ಉತ್ತರ ಬಂದ್ಮೇಲೆ ಸೈನ್ ಮಾಡಿ.